ಮನೆಯ ಹೊಗೆ ಅಲಾರಂ: ಭದ್ರವಾಗಿ ಕೂರಿಸುವುದು, ಅಪಾಯವಿಲ್ಲದೆ ಇಳಿಸುವುದು

ಅಡಿಕೆ ಸುಲಿತ, ಕಾಫಿ ಕೊಯ್ಲು ಎರಡೂ ಮುಗಿದು ಕೈಗೆ ಸ್ವಲ್ಪ ಬಿಡುವು ಸಿಕ್ಕಿದಾಗ ಮನೆಯ ರಿಪೇರಿ ಕೆಲಸಗಳನ್ನು ಕೈಗೆತ್ತಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಹೆಂಚು ಕೈಯಾಡಿಸುವುದು, ಮಳೆಗಾಲಕ್ಕೆ ಸೌದೆ ಒಟ್ಟುವುದು, ಚರಂಡಿ ಬಿಡಿಸುವುದು ಇತ್ಯಾದಿ. ಈ ಪಟ್ಟಿಗೆ ಇನ್ನೊಂದು ಸಣ್ಣ ಕೆಲಸವನ್ನು ಸೇರಿಸಿಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ಅರಿಕೆ. ಈಚಿನ ವರ್ಷಗಳಲ್ಲಿ ಹೊಸ ಮನೆ ಕಟ್ಟಿಸಿದವರು ಹಾಗೂ ಹೋಂಸ್ಟೇ ನಡೆಸುವವರು ಹಲವರು ಮನೆಯ ವಿದ್ಯುತ್ ತಂತಿಗೇ ಜೋಡಿಸುವಂಥ ಹೊಗೆ ಅಲಾರಂಗಳನ್ನು ಹಾಕಿಸಿದ್ದಾರೆ. ಹಾಕಿಸುವಾಗ ಇದ್ದ ಉತ್ಸಾಹ ಅವುಗಳ ಪಾಲನೆಯಲ್ಲಿ ಕಾಣುತ್ತಿಲ್ಲ. ಆದ್ದರಿಂದ ಈ ಎರಡು ಮಾತು.

ಇದರ ಅಗತ್ಯವೇನು?

ಮನೆಗೆ ಬೆಂಕಿ ಬಿದ್ದಾಗ ಉರಿಗಿಂತ ಮೊದಲು ಜೀವ ತೆಗೆಯುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವನಿಗೆ ಹೊಗೆಯ ವಾಸನೆಯಿಂದಲೇ ಎಚ್ಚರವಾಗುತ್ತದೆಂದು ನಂಬುವಂತಿಲ್ಲ. ಆದರೆ ಕಿವಿ ನಿದ್ರೆಯಲ್ಲೂ ಕೆಲಸ ಮಾಡುತ್ತಿರುತ್ತದೆ. ಈ ಉಪಕರಣ ಕೂಗುವುದು ಅದಕ್ಕಾಗಿಯೇ.

ಅದರ ಕೆಲಸ ಸರಳವಾದುದು. ಒಳಗೆ ಒಂದು ಕತ್ತಲೆಯ ಗೂಡು. ಗೂಡಿನಲ್ಲಿ ಒಂದು ಪುಟ್ಟ ಬೆಳಕು, ಆ ಬೆಳಕು ನೇರವಾಗಿ ಬೀಳದಂತೆ ಓರೆಯಲ್ಲಿಟ್ಟ ಒಂದು ಬೆಳಕಿನ ಕಣ್ಣು. ಹೊಗೆ ಒಳಹೊಕ್ಕರೆ ಅದರ ಕಣಗಳಿಗೆ ತಾಗಿ ಬೆಳಕು ಚದರಿ ಕಣ್ಣಿಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಹಾಸಿಗೆ, ಗೋಣಿಚೀಲ, ಹೊಟ್ಟು ಇಂಥವು ಉರಿಯದೆ ಒಳಗೊಳಗೇ ಕನಲುವಾಗ ಈ ಬಗೆಯದು ಬೇಗ ಎಚ್ಚರಿಸುತ್ತದೆ. ಅಯಾನೀಕರಣದ ಇನ್ನೊಂದು ಬಗೆ ಧಗಧಗಿಸುವ ಉರಿಯನ್ನು ಬೇಗ ಹಿಡಿಯುತ್ತದೆ. ಅದರಲ್ಲಿ ಅಮೆರಿಸಿಯಂ ಎಂಬ ವಿಕಿರಣ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ. ಅಂಥದನ್ನು ಬಿಚ್ಚಬಾರದು, ಸುಡಬಾರದು. ಆಯುಸ್ಸು ತೀರಿದ ಮೇಲೆ ಮಾರಿದವರಿಗೇ ಹಿಂದಿರುಗಿಸಬೇಕು.

ತಂತಿಗೆ ಜೋಡಿಸಿದ ಅಲಾರಂ ಮನೆಯ 230 ವೋಲ್ಟಿನಲ್ಲಿ ನಡೆಯುತ್ತದೆ. ಕರೆಂಟು ಹೋದಾಗ ನಡೆಯಲು ಒಳಗೊಂದು ಬ್ಯಾಟರಿ ಇರುತ್ತದೆ. ಅಲಾರಂಗಳನ್ನು ಒಂದಕ್ಕೊಂದು ಜೋಡಿಸಿದ್ದರೆ ಉಗ್ರಾಣದ ಹೊಗೆಗೆ ಮಲಗುವ ಕೋಣೆಯದೂ ಕೂಗುತ್ತದೆ. ದೊಡ್ಡ ಮನೆಗಳಲ್ಲಿ ಇದೇ ಇದರ ಮುಖ್ಯ ಲಾಭ.

ಎಲ್ಲಿ ಕೂರಿಸಬೇಕು?

ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಹೆಚ್ಚು ಬಳಸುವ ಪಡಸಾಲೆಯಲ್ಲಿ ಒಂದು, ಪ್ರತಿ ಓಣಿ ಹಾಗೂ ಮಹಡಿ ಮೆಟ್ಟಿಲಿನ ತಲೆಯಲ್ಲಿ ಒಂದೊಂದು ಹೊಗೆ ಅಲಾರಂ, ಅಡಿಗೆಮನೆಯಲ್ಲಿ ಹೊಗೆಯದರ ಬದಲು ಶಾಖದ ಅಲಾರಂ ಇರಬೇಕು. ಎಲ್ಲವೂ ಒಂದಕ್ಕೊಂದು ಜೋಡಿಸಿರಬೇಕು. ಈ ಹಂಚಿಕೆ ನಮ್ಮ ಮನೆಗಳಿಗೂ ಚೆನ್ನಾಗಿ ಒಪ್ಪುತ್ತದೆ. ಶಾಖದ ಅಲಾರಂ ಸುಮಾರು 58 ಡಿಗ್ರಿ ಸೆಲ್ಸಿಯಸ್ಸಿಗೆ ಕೂಗುವಂಥದು. ಒಗ್ಗರಣೆಯ ಹೊಗೆಗೆ ಅದು ಕೂಗುವುದಿಲ್ಲ. ಸೌದೆ ಒಲೆ ಇರುವ ಅಡಿಗೆಮನೆ, ಬೆಳಿಗ್ಗೆ ನೀರು ಕಾಯಿಸುವ ಬಚ್ಚಲೊಲೆ, ಅಡಿಕೆ ಬೇಯಿಸುವ ಅಂಗಳದ ಕಡೆಯ ಬಾಗಿಲು, ಇವುಗಳ ಪಕ್ಕದಲ್ಲಿ ಹೊಗೆ ಅಲಾರಂ ಇಟ್ಟರೆ ದಿನವೂ ಕೂಗುತ್ತದೆ. ದಿನವೂ ಕೂಗುವುದನ್ನು ಯಾರೋ ಒಬ್ಬರು ಒಂದು ದಿನ ಕಿತ್ತು ಇಡುತ್ತಾರೆ. ಆದ್ದರಿಂದ ಸ್ಥಳದ ಆಯ್ಕೆಯೇ ಪಾಲನೆಯ ಮೊದಲ ಹೆಜ್ಜೆ.

ತಾರಸಿಯ ನಡುಭಾಗ ಉತ್ತಮ. ಗೋಡೆಯಿಂದಲೂ ದೀಪದಿಂದಲೂ ಒಂದು ಅಡಿಯಾದರೂ ದೂರವಿರಲಿ. ದೀಪದ ಬಳಿ ಇಟ್ಟರೆ ಮಳೆಹುಳುಗಳು ಬೆಳಕಿಗೆ ಬಂದು ಗೂಡನ್ನು ಹೊಗುತ್ತವೆ. ಅಟ್ಟವಿಲ್ಲದ ಬರಿ ಹೆಂಚಿನ ಮಾಡಿನಲ್ಲಿ ಹೊಗೆ ಸಂದಿಯಿಂದ ಹೊರಹೋಗುವುದರಿಂದ ಅಲ್ಲಿ ಅಲಾರಮನ್ನು ಪೂರ್ತಿಯಾಗಿ ನಂಬಿ ಕೂರುವಂತಿಲ್ಲ.

ಭದ್ರತೆಯ ವಿಷಯ

ಅಲಾರಮಿನ ಬುಡವನ್ನು ತಾರಸಿಗಾದರೆ ಪ್ಲಗ್ ಹೊಡೆದು, ಮರದ ಅಟ್ಟಕ್ಕಾದರೆ ತೊಲೆಗೇ, ಸ್ಕ್ರೂ ಹಾಕಿ ಬಿಗಿಯಬೇಕು. ಜಿಪ್ಸಂ ಹಲಗೆಯೊಂದನ್ನೇ ನಂಬಿದರೆ ಪ್ರತಿ ಸಲ ಕಳಚಿ ಹಾಕುವಾಗ ತೂತು ಸಡಿಲವಾಗಿ, ಕೊನೆಗೆ ಅಲಾರಂ ತಂತಿಯಲ್ಲಿ ನೇತಾಡುತ್ತದೆ. ತಂತಿಯ ಜೋಡಣೆಗಳೆಲ್ಲ ಪೆಟ್ಟಿಗೆಯ ಒಳಗೇ ಇರಬೇಕು. ತಾಮ್ರ ಹೊರಗೆ ಕಾಣಬಾರದು. ಅಲಾರಂಗಳನ್ನು ಒಂದಕ್ಕೊಂದು ಸೇರಿಸುವ ತಂತಿಯನ್ನು ಬರಿ ಸೂಚನೆಯ ತಂತಿಯೆಂದು ಹಗುರಾಗಿ ಕಾಣದೆ, ಕರೆಂಟಿರುವ ತಂತಿಯೆಂದೇ ಭಾವಿಸಬೇಕು. ಅದನ್ನು ಅರ್ಥ್‌ಗೆ ಕೂಡಿಸಬಾರದು. ಬುಡಕ್ಕೆ ಬೀಗದ ಕಡ್ಡಿ ಹಾಕುವ ಸೌಲಭ್ಯವಿದ್ದರೆ ಹೋಂಸ್ಟೇ ಕೋಣೆಗಳಲ್ಲಿ ತಪ್ಪದೆ ಹಾಕಿರಿ. ಸಿಗರೇಟು ಸೇದುವ ಅತಿಥಿಗಳು ಮೊದಲು ಕೈಹಾಕುವುದು ಇದಕ್ಕೇ.

ಗೋಡೆಯ ಸ್ವಿಚ್ಚಿನ ಮೂಲಕ ಅಲಾರಮಿಗೆ ಕರೆಂಟು ಕೊಡಬಾರದು. ಒಂದೋ ಅದಕ್ಕೆ ಪ್ರತ್ಯೇಕ ಎಂ.ಸಿ.ಬಿ. ಇರಲಿ, ಇಲ್ಲವೇ ದಿನವೂ ಬಳಸುವ ದೀಪದ ಲೈನಿಗೆ ಸೇರಿರಲಿ. ದೀಪದ ಲೈನು ಕೆಟ್ಟರೆ ಅದೇ ರಾತ್ರಿ ತಿಳಿಯುತ್ತದೆ. ಇದೆಲ್ಲ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸತಕ್ಕ ಕೆಲಸ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ಅಲಾರಂ ತಂದುಕೊಡುವುದುಂಟು. ಅಲ್ಲಿನ ತಂತಿ ಅಲಾರಂಗಳು 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ಅವನ್ನು ಜೋಡಿಸಲೇಬಾರದು.

ಇಳಿಸುವಾಗಿನ ಎಚ್ಚರಿಕೆ

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುವುದಕ್ಕೆ ಸಂಕೋಚವಿಲ್ಲ. ಕಳೆದ ಆಷಾಢದ ಒಂದು ರಾತ್ರಿ ಎರಡು ಗಂಟೆಗೆ ಮಹಡಿಯ ಓಣಿಯ ಅಲಾರಂ ಕೂಗಿತು. ಅದರೊಂದಿಗೆ ಉಳಿದ ನಾಲ್ಕೂ ಕೂಗಿದವು. ಮನೆಯೆಲ್ಲ ಸುತ್ತಿ ಬೆಂಕಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೇನ್ ಸ್ವಿಚ್ ಆರಿಸಿ, ಏಣಿ ಹತ್ತಿ ಅದನ್ನು ಕಳಚಲು ಕೈ ಎತ್ತಿದೆವು. ಕೆಳಗೆ ಏಣಿ ಹಿಡಿದು ನಿಂತಿದ್ದ ಮನೆಯವರು, "ಕರೆಂಟು ತೆಗೆದಿದ್ದರೆ ಈ ದೀಪ ಹೇಗೆ ಉರಿಯುತ್ತಿದೆ?" ಎಂದರು. ಎತ್ತಿದ ಕೈ ಅಲ್ಲೇ ನಿಂತಿತು. ನಾವು ಮೇನ್ ಆರಿಸಿದ ಕ್ಷಣದಲ್ಲೇ ಇನ್ವರ್ಟರು ತನ್ನ ಕರ್ತವ್ಯವನ್ನು ಮಾಡಿ ದೀಪದ ಲೈನಿಗೆ ವಿದ್ಯುತ್ ಕೊಟ್ಟಿತ್ತು. ಆ ಲೈನಿನಲ್ಲೇ ಅಲಾರಮೂ ಇತ್ತು.

ಪುಸ್ತಕಗಳಲ್ಲಿ "ಮೇನ್ ಆರಿಸಿ" ಎಂದಷ್ಟೇ ಬರೆದಿರುತ್ತದೆ. ಇನ್ವರ್ಟರಿಲ್ಲದ ಮನೆ ನಮ್ಮಲ್ಲಿ ಅಪರೂಪವಾದ್ದರಿಂದ ನಮಗೆ ಅಷ್ಟು ಸಾಲದು. ಕ್ರಮವಾಗಿ ಹೀಗೆ ಮಾಡಿರಿ:

1. ಹಗಲು ಹೊತ್ತಿನಲ್ಲಿ, ಇನ್ನೊಬ್ಬರು ಜೊತೆಗಿರುವಾಗಲೇ ಕೆಲಸಕ್ಕೆ ತೊಡಗಿರಿ. ಮರದ ಅಥವಾ ಫೈಬರ್ ಏಣಿ ಬಳಸಿರಿ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಆಗಿರುವ ಸಾವುಗಳನ್ನು ನಾವೆಲ್ಲ ಬಲ್ಲೆವು. ಅದೇ ಏಣಿಯನ್ನು ಮನೆಯೊಳಗೆ ತರಬೇಡಿ.

2. ಅಲಾರಮಿನ ಎಂ.ಸಿ.ಬಿ., ಮೇನ್ ಸ್ವಿಚ್, ಇನ್ವರ್ಟರ್ ಮೂರನ್ನೂ ಆರಿಸಿರಿ. ಜನರೇಟರ್ ಅಥವಾ ಬ್ಯಾಟರಿ ಇರುವ ಸೌರ ವಿದ್ಯುತ್ ಇದ್ದರೆ ಅದನ್ನೂ ಆರಿಸಿರಿ. ಬೋರ್ಡಿನ ಮೇಲೆ ಕೆಲಸ ನಡೆದಿದೆಯೆಂದು ಚೀಟಿ ಅಂಟಿಸಿರಿ. ಅಲಾರಮಿನ ಹಸಿರು ದೀಪ ಆರಿರಬೇಕು.

3. ಅಲಾರಮನ್ನು ಅದರ ಕೈಪಿಡಿಯಂತೆ ತಿರುಗಿಸಿ ಅಥವಾ ಜಾರಿಸಿ ಬುಡದಿಂದ ಬಿಡಿಸಿರಿ. ಹಿಂದಿನ ಪ್ಲಗ್ಗನ್ನು ಎರಡು ಪಕ್ಕ ಒತ್ತಿ ಎಳೆಯಿರಿ. ತಂತಿ ಹಿಡಿದು ಜಗ್ಗಬೇಡಿ.

4. ಬುಡದಲ್ಲಿರುವ ತಂತಿಗಳನ್ನು ಮುಟ್ಟುವ ಪ್ರಸಂಗವಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಹಳೆಯ ವೈರಿಂಗಿನಲ್ಲಿ ಫೇಸು ನ್ಯೂಟ್ರಲ್ ಅದಲುಬದಲಾಗಿ, ಸ್ವಿಚ್ ಆರಿಸಿದರೂ ತಂತಿಯಲ್ಲಿ ಕರೆಂಟು ಉಳಿಯುವುದುಂಟು. ಅವರು ಪರೀಕ್ಷೆಯ ಉಪಕರಣವನ್ನು ಮೊದಲು ಕರೆಂಟಿರುವ ಕಡೆ, ಬಳಿಕ ಈ ತಂತಿಯಲ್ಲಿ, ಮತ್ತೆ ಕರೆಂಟಿರುವ ಕಡೆ ಹಿಡಿದು ನೋಡುತ್ತಾರೆಯೇ ಎಂದು ಗಮನಿಸಿರಿ. ಟೆಸ್ಟರು ಉರಿಯಲಿಲ್ಲವೆಂದರೆ ಕರೆಂಟಿಲ್ಲವೆಂದೂ ಆಗಬಹುದು, ಟೆಸ್ಟರೇ ಕೆಟ್ಟಿದೆಯೆಂದೂ ಆಗಬಹುದು.

5. ಇಳಿಸಿದ ಅಲಾರಮಿನ ಹೊರಮೈಯ ಕಿಂಡಿಗಳನ್ನು ಮೆತ್ತನೆಯ ಬ್ರಷ್ಷಿನಿಂದ, ಇಲ್ಲವೇ ವ್ಯಾಕ್ಯೂಂ ಯಂತ್ರದಿಂದ ಚೊಕ್ಕಟ ಮಾಡಿರಿ. ನೀರು, ಸೀಮೆಎಣ್ಣೆ, ಹುಳದ ಸ್ಪ್ರೇ ಕೂಡದು. ಒಳಗೂಡನ್ನು ಬಿಚ್ಚಬೇಡಿ. ಮನೆಗೆ ಸುಣ್ಣಬಣ್ಣವಾಗುವಾಗ ಅಲಾರಮಿನ ಮೇಲೆ ಬಣ್ಣ ಬೀಳಬಾರದು.

6. ಬ್ಯಾಟರಿ ಬದಲಿಸಿ, ಮರಳಿ ಕೂರಿಸಿ, ಕರೆಂಟು ಕೊಟ್ಟು, ಪರೀಕ್ಷಾ ಗುಂಡಿ ಒತ್ತಿರಿ. ಒಂದನ್ನು ಒತ್ತಿದಾಗ ಎಲ್ಲವೂ ಕೂಗಿದರೆ ಮಾತ್ರ ಕೆಲಸ ಮುಗಿಯಿತೆಂದು ತಿಳಿಯಿರಿ.

ಇಳಿಸಿದ್ದು ಅಂದೇ ಏರಬೇಕು

ನಮ್ಮ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇನ್ವರ್ಟರನ್ನೂ ಆರಿಸಿ ಅಲಾರಂ ಇಳಿಸಿ ನೋಡಿದರೆ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿತ್ತು. ಬೆಳಿಗ್ಗೆ ನೋಡೋಣವೆಂದು ಕಪಾಟಿನಲ್ಲಿಟ್ಟೆವು. ಬೆಳಿಗ್ಗೆ ತೋಟಕ್ಕೆ ಔಷಧಿ ಹೊಡೆಯುವ ಗಡಿಬಿಡಿ, ಆಮೇಲೆ ಸಂಘದ ಮಹಾಸಭೆ, ಆಮೇಲೆ ಕೊಯ್ಲು. ದೀಪಾವಳಿಗೆ ಬಂದ ನೆಂಟರ ಮಕ್ಕಳನ್ನು ಮಹಡಿಯಲ್ಲಿ ಮಲಗಿಸಿ ದೀಪ ಆರಿಸಲು ಹೋದಾಗ ಓಣಿಯ ತಾರಸಿಯಲ್ಲಿ ಆ ಖಾಲಿ ಬುಡ ಕಣ್ಣಿಗೆ ಬಿತ್ತು. ನಾಲ್ಕು ತಿಂಗಳು ಮನೆಯವರೆಲ್ಲ ಅಲಾರಂ ಇದೆಯೆಂಬ ಧೈರ್ಯದ ಮೇಲೆ ನಿದ್ರೆ ಮಾಡಿದ್ದರು. ಅಲಾರಮೇ ಇಲ್ಲದ ಮನೆಯವರು ಮಲಗುವ ಮುನ್ನ ಒಲೆ ನೋಡುತ್ತಾರೆ, ದೇವರ ದೀಪ ನೋಡುತ್ತಾರೆ. ಇದೆಯೆಂದು ನಂಬಿದವರು ಅದನ್ನೂ ಬಿಟ್ಟಿರುತ್ತಾರೆ. ಆ ರಾತ್ರಿಯೇ ಅದನ್ನು ಸ್ವಸ್ಥಾನಕ್ಕೆ ಸೇರಿಸಿ ಗುಂಡಿ ಒತ್ತಿ ನೋಡಿದ ಮೇಲೆಯೇ ನಾವು ಮಲಗಿದ್ದು.

ವರ್ಷದ ಲೆಕ್ಕ

ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿರಿ. ಸಂಬಳದ ಬಟವಾಡೆಯ ದಿನವನ್ನೇ ಇದಕ್ಕೆ ಇಟ್ಟುಕೊಂಡರೆ ಮರೆಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಧೂಳು, ಬಲೆ ತೆಗೆಯಿರಿ. ಸಾಮಾನ್ಯ 9 ವೋಲ್ಟಿನ ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಬದಲಿಸಿರಿ. ನಿಮಿಷಕ್ಕೊಮ್ಮೆ "ಚಿಕ್" ಎಂದರೆ ಬ್ಯಾಟರಿ ಸೋತಿದೆಯೆಂದು ಅರ್ಥ. ಅದಕ್ಕೆ ಔಷಧಿ ಹೊಸ ಬ್ಯಾಟರಿಯೇ ಹೊರತು ಹಳೆಯದನ್ನು ಕಿತ್ತಿಡುವುದಲ್ಲ. ಬೇಸಿಗೆಯ ಗುಡುಗು ಸಿಡಿಲಿನ ಮಳೆಯಾದ ಮರುದಿನವೂ ಒಮ್ಮೆ ಗುಂಡಿ ಒತ್ತಿ ನೋಡುವುದು ಒಳ್ಳೆಯದು. ಮುಖ್ಯ ಬೋರ್ಡಿಗೆ ಸಿಡಿಲು ರಕ್ಷಕ ಹಾಕಿಸಿದ್ದರೆ ಇನ್ನೂ ಕ್ಷೇಮ. ಅಲಾರಮಿನ ಬೆನ್ನಿನಲ್ಲಿ ತಯಾರಾದ ದಿನಾಂಕವಿರುತ್ತದೆ. ಅಲ್ಲಿಂದ 10 ವರ್ಷವಾದ ಮೇಲೆ, ಚೆನ್ನಾಗಿ ಕೂಗುತ್ತಿದ್ದರೂ, ಅದನ್ನು ಬದಲಿಸಬೇಕು. ಗುಂಡಿ ಒತ್ತಿದರೆ ಕೂಗುವುದು ಬೇರೆ, ಹೊಗೆಯನ್ನು ಹಿಡಿಯುವ ಶಕ್ತಿ ಬೇರೆ. ಹೊಸದನ್ನು ಕೊಳ್ಳುವಾಗ ಉಳಿದವುಗಳ ಜೊತೆ ಹೊಂದುವ ಅದೇ ತಯಾರಕರ ಮಾದರಿಯನ್ನೇ ಆರಿಸಿರಿ.

ಸದಸ್ಯರು ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೇ ಒಮ್ಮೆ ತಲೆಯೆತ್ತಿ ತಮ್ಮ ಮನೆಯ ತಾರಸಿಯತ್ತ ನೋಡಬೇಕೆಂದು ವಿನಂತಿ. ಎಲ್ಲಾದರೂ ಖಾಲಿ ಬುಡ ಕಂಡರೆ, ಅದರ ಅಲಾರಂ ಯಾವ ಕಪಾಟಿನಲ್ಲಿದೆಯೆಂದು ಇಂದೇ ಹುಡುಕಿರಿ. ಏಣಿ ಹತ್ತುವ ಮುನ್ನ ಇನ್ವರ್ಟರನ್ನು ಆರಿಸುವುದನ್ನು ಮಾತ್ರ ಮರೆಯಬೇಡಿ.