‘9’ ಚಿತ್ರವನ್ನು ಯಾರಿಗೆ ತೋರಿಸಬಹುದು?

ಕಾರ್ಟೂನ್ ಎಂದೊಡನೆ ಮಕ್ಕಳನ್ನು ಕೂರಿಸಿ ಹಾಕಿಬಿಡುವ ರೂಢಿ ನಮ್ಮಲ್ಲಿದೆ. 2009ರಲ್ಲಿ ತೆರೆಕಂಡ, ಶೇನ್ ಆಕರ್ ನಿರ್ದೇಶನದ ‘9’ ಎಂಬ ಅನಿಮೇಷನ್ ಚಿತ್ರದ ವಿಷಯದಲ್ಲಿ ಹಾಗೆ ಮಾಡಬಾರದೆಂದು ನಾವು ಧರ್ಮೋಪದೇಶದ ಶಿಕ್ಷಕರಿಗೆ ತಿಳಿಸಬಯಸುತ್ತೇವೆ. ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ‘ಪಿಜಿ-13’ ದರ್ಜೆ.

ಯಂತ್ರಗಳು ಮನುಕುಲವನ್ನು ಅಳಿಸಿಹಾಕಿವೆ. ವಿಜ್ಞಾನಿಯೊಬ್ಬ ತನ್ನ ಆತ್ಮವನ್ನೇ ಹಂಚಿ ಜೀವಕೊಟ್ಟ ಒಂಬತ್ತು ಬಟ್ಟೆಯ ಬೊಂಬೆಗಳಷ್ಟೇ ಉಳಿದಿವೆ. ಆಕರ್ ವಿದ್ಯಾರ್ಥಿಯಾಗಿದ್ದಾಗ ಮಾಡಿದ 11 ನಿಮಿಷಗಳ ಕಿರುಚಿತ್ರ ಆಸ್ಕರ್ ನಾಮನಿರ್ದೇಶನ ಪಡೆದಿತ್ತು. ಅದನ್ನೇ 79 ನಿಮಿಷಕ್ಕೆ ಹಿಗ್ಗಿಸಿದ್ದಾರೆ. ನೋಡಿದವರು ಎರಡು ಪಾಲಾದದ್ದು ಇಲ್ಲೇ. ದೃಶ್ಯಗಳನ್ನು ಬಹುತೇಕರು ಮೆಚ್ಚಿದರು. ಕಥೆ ತೆಳು, ಓಟ ಕಾಳಗವೇ ಹೆಚ್ಚು ಎಂದು ಅನೇಕರು ಗೊಣಗಿದರು. ಗೊಣಗಿದ್ದು ಸುಳ್ಳಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಬೊಂಬೆಗಳು ಅಡಗಿರುವುದು ಪಾಳುಬಿದ್ದ ಕೆಥೆಡ್ರಲಿನಲ್ಲಿ. ಮುಖಂಡ ‘1’ರ ತಲೆಯ ಮೇಲೆ ಧರ್ಮಾಧ್ಯಕ್ಷರ ಮುಕುಟವನ್ನು ನೆನಪಿಸುವ ಟೋಪಿ, ಕೈಯಲ್ಲಿ ದಂಡ. ಪ್ರಶ್ನೆ ಕೇಳಕೂಡದು, ಹೊರಗೆ ಹೋಗಕೂಡದು ಎಂಬುದೇ ಅವನ ಕಟ್ಟಳೆ. ಇದು ಧರ್ಮಸಭೆಯ ಲೇವಡಿ ಎನ್ನುವವರು ಕೊನೆಯವರೆಗೂ ನೋಡಬೇಕು: ‘9’ರ ಬದಲಿಗೆ ಪ್ರಾಣ ಒಪ್ಪಿಸುವವನೂ ಇದೇ ‘1’. ಆತ್ಮವನ್ನು ತುಂಡರಿಸಿ ಹಂಚಬಹುದೆಂಬ ಕಲ್ಪನೆಯನ್ನು ಮಾತ್ರ ಧರ್ಮಸಭೆಯ ಬೋಧನೆ ಒಪ್ಪದು. ಯುವಜನರಿಗೆ ತೋರಿಸುವವರು ಅದನ್ನು ಮೊದಲೇ ಬಿಡಿಸಿ ಹೇಳಲಿ.