ತಾಯಂದಿರ ಬಟ್ಟಲಿನತ್ತ ಒಂದು ನೋಟ
ಸ್ತ್ರೀ ಆರೋಗ್ಯಕ್ಕೆ ಸಮನ್ವಯ ಆಹಾರದ ಹಾದಿ

ಕುಟುಂಬದ ಸ್ವಾಸ್ಥ್ಯವು ತಾಯಿಯ ಸ್ವಾಸ್ಥ್ಯವನ್ನು ಅವಲಂಬಿಸಿದೆ ಎಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಆಗಾಗ ಕೇಳುತ್ತೇವೆ. ಆದರೆ ಆ ತಾಯಿ ಎಷ್ಟು ಹೊತ್ತಿಗೆ ಉಂಡಳು, ಅವಳ ಬಟ್ಟಲಿಗೆ ಏನು ಉಳಿದಿತ್ತು ಎಂದು ವಿಚಾರಿಸುವವರು ವಿರಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 44.8 ಆಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು. ಸ್ತ್ರೀಗೆ 29 ಮಿಲಿಗ್ರಾಂ ಬೇಕು. ಮನೆಯಲ್ಲಿ ಯಾರಿಗೆ ಹೆಚ್ಚು ಬೇಕೋ ಅವಳೇ ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಎಂಬುದು ಚಿಂತಿಸಬೇಕಾದ ವಿಷಯ.

ಬಂದರ್ ಪರಿಸರದ ಶ್ರಮಿಕ ಸ್ತ್ರೀಯರ ಬಾಳ್ವೆಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ದಕ್ಕೆಯಲ್ಲಿ ಮೀನು ಇಳಿಯುವ ಹೊತ್ತಿಗೆ ಬುಟ್ಟಿ ಹಿಡಿದು ಬರುವ ಮಹಿಳೆಗೆ ಬೆಳಗಿನ ಉಪಾಹಾರವೆಂದರೆ ಬಹಳ ಸಲ ಒಂದು ಲೋಟ ಚಹಾ ಮಾತ್ರ. ಊರಿಗೆಲ್ಲ ಬೂತಾಯಿ, ಬಂಗುಡೆ ಒದಗಿಸುವ ಆಕೆ ತನ್ನ ಆಯಾಸವನ್ನು ವಯಸ್ಸಿನ ಗುಣವೆಂದೋ ದುಡಿಮೆಯ ಫಲವೆಂದೋ ತಳ್ಳಿಹಾಕುತ್ತಾಳೆ.

ಹಲವು ಬಾಗಿಲುಗಳ ಊರು

ನಮ್ಮ ಊರಿನಲ್ಲಿ ಚಿಕಿತ್ಸೆಯ ಬಾಗಿಲುಗಳಿಗೆ ಕೊರತೆಯಿಲ್ಲ. ಬಂದರಿಗೆ ಸಮೀಪದಲ್ಲೇ ಸ್ತ್ರೀಯರಿಗಾಗಿ ಲೇಡಿಗೋಷನ್ ಸರಕಾರಿ ಆಸ್ಪತ್ರೆಯಿದೆ. ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚಲು ತೊಡಗಿದರು. ಆ ಸಂಸ್ಥೆಯ ಆಶ್ರಯದಲ್ಲಿ ಇಂದು ಹೋಮಿಯೋಪಥಿ ಕಾಲೇಜೂ ಅಲೋಪಥಿ ವೈದ್ಯಕೀಯ ಕಾಲೇಜೂ ನಡೆಯುತ್ತಿವೆ. ಆಯುರ್ವೇದದ ವೈದ್ಯರಿದ್ದಾರೆ, ನಾಟಿ ಮದ್ದು ಕೊಡುವವರಿದ್ದಾರೆ. ಒಬ್ಬಳೇ ಸ್ತ್ರೀ ಈ ಎಲ್ಲ ಬಾಗಿಲುಗಳನ್ನು ತಟ್ಟುವುದುಂಟು. ಒಂದೆಡೆ ಪಡೆದದ್ದನ್ನು ಇನ್ನೊಂದೆಡೆ ಹೇಳದಿರುವುದೂ ಉಂಟು.

ಆಹಾರತಜ್ಞೆಯ ಕಾರ್ಯ ಇಲ್ಲಿಂದಲೇ ಆರಂಭವಾಗುತ್ತದೆ. ಗೃಹವಿಜ್ಞಾನ ಅಥವಾ ಆಹಾರ ವಿಜ್ಞಾನದ ಪದವಿ, ಆಸ್ಪತ್ರೆಯಲ್ಲಿ ತರಬೇತಿ ಇವೆಲ್ಲ ಮುಗಿದ ಮೇಲೆ ಆಕೆಯ ಕೈಯಲ್ಲಿರುವುದು ಮುದ್ರಿತ ಪಥ್ಯದ ಪಟ್ಟಿ. ಗಂಜಿ, ಒಣಮೀನಿನ ಚಟ್ನಿ ಉಣ್ಣುವ ಮನೆಗೆ ಆ ಪಟ್ಟಿ ಹೊಂದುವುದಿಲ್ಲವೆಂಬುದು ಆಕೆಗೆ ಬೇಗನೆ ಅರಿವಾಗುತ್ತದೆ. ಆಗ ಆಕೆ ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಮನೆಯಲ್ಲಿ ಅಡುಗೆಗೆ ಏನೇನಿದೆ? ನಿದ್ದೆ ಎಷ್ಟು? ಮುಟ್ಟಿನ ಸ್ರಾವ ಎಷ್ಟು ದಿನ? ಬೇರೆ ಯಾವ ಮದ್ದು, ಲೇಹ್ಯ, ಕಷಾಯ ಸೇವಿಸುತ್ತಿದ್ದೀರಿ? ವೈದ್ಯರ ಚಿಕಿತ್ಸೆಯನ್ನು ಬಿಡದೆ, ಮನೆಯ ರೂಢಿಯನ್ನು ಹೀಗಳೆಯದೆ, ಎರಡನ್ನೂ ಪರೀಕ್ಷಿಸಿ ಒಂದುಗೂಡಿಸುವ ಈ ಕ್ರಮವನ್ನೇ ಸಮನ್ವಯ ಆಹಾರ ಪದ್ಧತಿ ಎನ್ನುತ್ತಾರೆ.

ಹಾದಿ ತೋರಿದವರು

ಈ ಹಾದಿಗೆ ನಮ್ಮ ದೇಶದಲ್ಲೇ ಉತ್ತಮ ನಿದರ್ಶನವಿದೆ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕತೊಡಗಿದರು. ಸೋಂಕಿನಲ್ಲಿ ಕಾರಣ ಸಿಗದಾದಾಗ ಅವರು ಆ ಸ್ತ್ರೀಯರು ಏನು ಉಣ್ಣುತ್ತಾರೆಂದು ವಿಚಾರಿಸಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದ ರೋಗ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ಬಳಿಕ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲಾದ ಫೋಲಿಕ್ ಆಮ್ಲವೇ ಆ ಸಾರದಲ್ಲಿ ಅಡಗಿದ್ದ ಗುಣ. ಇಂದು ನಮ್ಮ ಗರ್ಭಿಣಿಯರಿಗೆ ಸರಕಾರವು ಕಬ್ಬಿಣಾಂಶದೊಂದಿಗೆ ನೀಡುವ ಮಾತ್ರೆಯ ಹಿಂದೆ ಆ ವೈದ್ಯೆಯ ಪರಿಶ್ರಮವಿದೆ.

ನಮ್ಮ ಅಡುಗೆಮನೆಯಲ್ಲಿಯೂ ಇಂತಹ ಸಂಪತ್ತು ಇದೆ. ಹರಿವೆ, ನುಗ್ಗೆಸೊಪ್ಪು, ಹುರುಳಿ ಇವು ಬಡವರ ಕೈಗೆಟಕುವ ಪದಾರ್ಥಗಳು. ಸೊಪ್ಪು, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಅದರೊಂದಿಗೆ ಒಂದು ತುಂಡು ಮೀನು, ಹಿಂಡಿದ ಲಿಂಬೆ ಅಥವಾ ಒಂದು ಪೇರಳೆ ಹಣ್ಣು ಇದ್ದರೆ ಹೆಚ್ಚು ಹತ್ತುತ್ತದೆ. ಹುರುಳಿಯನ್ನು ನೆನೆಸಿ ಮೊಳಕೆ ಬರಿಸುವುದು, ಹುಳಿ ಹಾಕಿದ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸುವುದು ಇವೂ ಸಹಾಯಕ. ಚಹಾ, ಕಾಫಿ ಮಾತ್ರ ಊಟಕ್ಕೆ ಒಂದು ಗಂಟೆ ಮುನ್ನ ಮತ್ತು ಅನಂತರ ಬೇಡವೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮುಳ್ಳು ಸಮೇತ ತಿನ್ನಬಹುದಾದ ಸಣ್ಣ ಬೂತಾಯಿಯು, ಮುಟ್ಟು ನಿಂತ ಬಳಿಕ ಎಲುಬು ಸವೆಯುವ ವಯಸ್ಸಿನವರಿಗೆ ಸುಣ್ಣಾಂಶ ಒದಗಿಸುತ್ತದೆ. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧವಿರುವಾಗ ಒಣಮೀನು ಒದಗುತ್ತದೆ ನಿಜ. ಆದರೆ ಅದರಲ್ಲಿ ಉಪ್ಪು ಅಧಿಕವಾದ್ದರಿಂದ ರಕ್ತದೊತ್ತಡವುಳ್ಳವರು ಎಚ್ಚರ ವಹಿಸಬೇಕು.

ರೂಢಿಯೆಲ್ಲವೂ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಬಾಣಂತಿಗೆ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ ಕೊಡುವ ಹಿರಿಯರ ಕ್ರಮ ಪುಷ್ಟಿಕರ. ಆದರೆ ನೀರು ಕಡಿಮೆ ಕುಡಿಸುವುದು, ಮೀನು, ಸೊಪ್ಪುಗಳನ್ನು ತಿಂಗಳುಗಟ್ಟಲೆ ನಿಲ್ಲಿಸುವುದು ಹಾನಿಕರ. ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವವರಲ್ಲಿ ಮೆಂತೆಯು ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು. ಲೋಹದ ಭಸ್ಮ ಸೇರಿದ ಕೆಲವು ಔಷಧಗಳಿಂದ ಸೀಸದ ವಿಷ ಏರಿದ ಉದಾಹರಣೆಗಳಿವೆ. ನೈಸರ್ಗಿಕವೆಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ.

ತರುಣಿಯರಲ್ಲಿ ಕಾಣುವ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆಗೂ ಇಂದು ನಾನಾ ಪಥ್ಯಗಳ ಜಾಹೀರಾತುಗಳಿವೆ. ಯಾವುದೇ ಒಂದು ಪಥ್ಯ ಇನ್ನೊಂದಕ್ಕಿಂತ ಮೇಲೆಂಬುದಕ್ಕೆ ಆಧಾರವಿಲ್ಲವೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸ್ಪಷ್ಟಪಡಿಸಿದೆ. ಬಿಡದೆ ಪಾಲಿಸಬಹುದಾದ ಸಮತೋಲನದ ಮನೆಯೂಟ ಮತ್ತು ದಿನದ ವ್ಯಾಯಾಮವೇ ದುಬಾರಿ ಪುಡಿಗಳಿಗಿಂತ ಲೇಸು.

ಕುಟುಂಬದ ಹೊಣೆ

ಆದರೆ ಎಷ್ಟೇ ನಿಪುಣ ಆಹಾರತಜ್ಞೆಯಾದರೂ ಆಕೆಯ ಮಾತು ಮನೆಯವರ ಸಹಕಾರವಿಲ್ಲದೆ ಫಲಿಸದು. ಮೀನಿನ ದೊಡ್ಡ ತುಂಡು ಗಂಡಸರಿಗೆ, ತಳದ ಸಾರು ತಾಯಿಗೆ ಎಂಬ ಲೆಕ್ಕವನ್ನು ತಿದ್ದಬೇಕಾದವರು ಗಂಡಂದಿರು ಮತ್ತು ಮಕ್ಕಳು. ನಮ್ಮ ವಾಳೆಯ ಕೂಟಗಳಲ್ಲಿ, ಸ್ತ್ರೀ ಸಂಘಟನೆಗಳ ಸಭೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್ ತಪಾಸಣೆಯಾಗಲಿ. ಆಹಾರತಜ್ಞೆಯೊಬ್ಬರನ್ನು ಕರೆಸಿ ಅವರ ಮುಂದೆ ಪುರುಷರನ್ನೂ ಕೂರಿಸಲಿ. ದಣಿವು, ಉಬ್ಬಸ, ಅತಿಯಾದ ಸ್ರಾವವಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಮಾತ್ರೆ ಬೇಕಾದಲ್ಲಿ ಸೊಪ್ಪು ಮಾತ್ರ ಸಾಲದು.

ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸ ಅಕ್ಕಿಯನ್ನು ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಸಂಪ್ರದಾಯ ನಮ್ಮದು. ಅಂದು ತಾಯಿಯೂ ಮಕ್ಕಳ ಸಾಲಿನಲ್ಲೇ ಕುಳಿತುಕೊಳ್ಳುತ್ತಾಳೆ. ಆ ಒಂದು ದಿನದ ಪಂಕ್ತಿಯನ್ನು ವರ್ಷದ ಮಿಕ್ಕ ದಿನಗಳಿಗೂ ವಿಸ್ತರಿಸುವುದು ನಮ್ಮಿಂದ ಆಗದ ಕೆಲಸವೇನಲ್ಲ.