ಊರು ಬಿಟ್ಟವರ ಮಕ್ಕಳಿಗೆ ಕಾಲೇಜಿನ ಮೀಸಲು ಸೀಟು

ಹತ್ತನೆಯ, ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಡಗರ. ಊರಿನಿಂದ ಬಂದ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಲ್ಲಿ ಮಾತ್ರ ಅದೇ ದಿನಗಳಲ್ಲಿ ಬೇರೊಂದು ಚಿಂತೆ: ಊರಿನ ತಾಲೂಕು ಕಚೇರಿ ಕೊಟ್ಟ ಜಾತಿ ಪ್ರಮಾಣ ಪತ್ರ ಇಲ್ಲಿ ನಡೆಯುತ್ತದೆಯೇ?

ರಾಜ್ಯ ಸರಕಾರದ ಕೋಟಾದಲ್ಲಿ ನಡೆಯುವುದಿಲ್ಲ. ಇದು ಯಾವ ಗುಮಾಸ್ತರ ಹಟವೂ ಅಲ್ಲ, 1990ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು. ಪ್ರಕರಣ ನಮ್ಮ ಪರೇಲ್‌ನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿಗೆ ಸಂಬಂಧಿಸಿದ್ದು. ತಂದೆ ಆಂಧ್ರದ ಪರಿಶಿಷ್ಟ ಪಂಗಡದವರು, ಸರಕಾರಿ ರಸಗೊಬ್ಬರ ಕಂಪನಿಯ ನೌಕರರು. ಮಗ ಚಿಕ್ಕಂದಿನಲ್ಲೇ ಬಂದು ಇಲ್ಲಿಯೇ ಓದಿದವನು. ಆದರೂ ಮೀಸಲಾತಿಯ ಹಕ್ಕನ್ನು ನ್ಯಾಯಾಲಯ ಒಪ್ಪಲಿಲ್ಲ. ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ಗಡಿ ದಾಟಿದವರ ಜೊತೆ ಸವಲತ್ತು ಬರುವುದಿಲ್ಲ ಎಂಬುದು ತೀರ್ಪಿನ ತಿರುಳು.

ಹೀಗಾಗಿ ಪರಿಶಿಷ್ಟ ಜಾತಿಯವರು 10-8-1950ಕ್ಕೆ, ಪಂಗಡದವರು 6-9-1950ಕ್ಕೆ ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿತ್ತೆಂದು ದಾಖಲೆ ತೋರಿಸಬೇಕು. ಜಾತಿಯ ಹೆಸರು ಇಲ್ಲಿನ ಪಟ್ಟಿಯಲ್ಲೂ ಇರಬೇಕು. ಗಿರಣಿಯಲ್ಲೋ ಬಂದರಿನಲ್ಲೋ ದುಡಿದ ಅಜ್ಜನ ಕಾಗದಪತ್ರಗಳನ್ನು ಯಾರು ಕಾದಿಟ್ಟಿರುತ್ತಾರೆ? ಇದ್ದವರು ದಯವಿಟ್ಟು ರದ್ದಿಗೆ ಹಾಕಬೇಡಿ.

ಆದರೆ ಎಲ್ಲ ಬಾಗಿಲೂ ಮುಚ್ಚಿಲ್ಲ. ಇದು ಅನೇಕರಿಗೆ ಗೊತ್ತಿಲ್ಲ. ಪವಾಯಿಯ ಐಐಟಿಯಂಥ ಕೇಂದ್ರ ಸಂಸ್ಥೆಗಳಲ್ಲಿ ಊರಿನ ಪ್ರಮಾಣ ಪತ್ರಕ್ಕೆ ಬೆಲೆಯಿದೆ. ನೀಟ್‌ನ ಅಖಿಲ ಭಾರತ ಕೋಟಾದಲ್ಲಿ, ಅಂದರೆ ರಾಜ್ಯ ಸರಕಾರಿ ವೈದ್ಯಕೀಯ ಕಾಲೇಜುಗಳ ಶೇ. 15 ಎಂಬಿಬಿಎಸ್ ಸೀಟುಗಳಲ್ಲೂ ಇದೆ. ಒಂದೇ ಕಾಲೇಜು, ಒಂದೇ ಮಗು. ಒಂದು ಕೋಟಾದಲ್ಲಿ ಪರಿಶಿಷ್ಟ, ಇನ್ನೊಂದರಲ್ಲಿ ಸಾಮಾನ್ಯ!

"ಊರಿಗೇ ಕಳಿಸಿದರಾಯಿತು" ಎನ್ನುವವರಿದ್ದಾರೆ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಅಲ್ಲಿ ಏಳು ವರ್ಷ ಓದಿರಬೇಕು. ಹೊರನಾಡ ಕನ್ನಡಿಗರಿಗೆ ಬೇರೆ ಕಲಮು, ಕನ್ನಡ ಪರೀಕ್ಷೆ ಇವೆ. ಮಾಹಿತಿ ಪುಸ್ತಿಕೆ ಬಂದ ಕೂಡಲೇ ಓದುವುದು ಒಳ್ಳೆಯದು.

ಇನ್ನು ನಮ್ಮ ಸಂಘಗಳ ಮಾತು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಂಕಪಟ್ಟಿ ಕೇಳುತ್ತೇವೆ, ಫೀ ರಸೀದಿ ಕೇಳುವುದು ಅಪರೂಪ. ರಾಜ್ಯದ ಫೀ ರಿಯಾಯಿತಿಯೂ ಸಿಗದೆ ಪೂರ್ತಿ ಹಣ ಕಟ್ಟುವ ಮಗು ಶೇ. 68 ತಂದರೆ ನಮ್ಮ ವೇದಿಕೆಯನ್ನೂ ಹತ್ತಲಾರದು. ಶೇ. 95ರ ಮಗುವಿಗೋ ಮೂರು ಕಡೆ ಶಾಲು. ಈ ಬಾರಿ ಅರ್ಜಿಯಲ್ಲಿ ಒಂದು ಸಾಲು ಸೇರಿಸಬಹುದಲ್ಲ: "ಊರು ಬಿಟ್ಟ ಕಾರಣ ಸರಕಾರಿ ಸವಲತ್ತು ತಪ್ಪಿದೆಯೇ?" ಅದಕ್ಕೆ ಬಂದ ಉತ್ತರವನ್ನು ಮಾತ್ರ ಸಮಾರಂಭದ ದಿನ ಮೈಕಿನಲ್ಲಿ ಓದುವುದು ಬೇಡ.